ಗ್ವಾನಿನ್ ಶಿಖರ ಕುಸಿದಾಗ

ಮಾಲಿನ್ಯಕಾರಕಗಳು ಡಿಎನ್‌ಎಯನ್ನು ಹೇಗೆ ಕೆಡಿಸುತ್ತವೆ ಎಂದು ನೋಡುವುದು ನಮ್ಮ ಪ್ರಯೋಗಾಲಯದ ಕೆಲಸ. ಹೊಸದಾಗಿ ಸೇರಿದವರು ಮೊದಲ ತಿಂಗಳಲ್ಲೇ ಗ್ರಾಫ್ ಹಿಡಿದು ಓಡಿ ಬರುತ್ತಾರೆ. ‘ಮೇಡಂ, ಶಿಖರ ಅರ್ಧಕ್ಕೆ ಇಳಿದಿದೆ, ಡಿಎನ್‌ಎ ಹಾಳಾಗಿದೆ!’ ನನ್ನ ಮರುಪ್ರಶ್ನೆ ಒಂದೇ: ‘ಎಲೆಕ್ಟ್ರೋಡ್ ಉಜ್ಜಿದ್ದಿರಾ?’

ಶಿಖರವೆಂದರೆ ಇಷ್ಟು. ಡಿಎನ್‌ಎಯ ನಾಲ್ಕು ಪ್ರತ್ಯಾಮ್ಲಗಳಲ್ಲಿ, ಅಂದರೆ ಅದರ ಸಂದೇಶದ ‘ಅಕ್ಷರ’ಗಳಲ್ಲಿ, ಎಲೆಕ್ಟ್ರಾನನ್ನು ಅತಿ ಸುಲಭವಾಗಿ ಬಿಟ್ಟುಕೊಡುವುದು ಗ್ವಾನಿನ್. ಡಿಎನ್‌ಎ ಲೇಪಿಸಿದ ಇಂಗಾಲದ ಎಲೆಕ್ಟ್ರೋಡಿಗೆ ವೋಲ್ಟೇಜ್ ಏರಿಸುತ್ತ ಹೋದರೆ ಸುಮಾರು 1 ವೋಲ್ಟ್ ಹತ್ತಿರ ಗ್ವಾನಿನ್ ಉತ್ಕರ್ಷಣಗೊಳ್ಳುತ್ತದೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ; ವಿದ್ಯುತ್ ಪ್ರವಾಹ ಥಟ್ಟನೆ ಏರಿ ಇಳಿಯುತ್ತದೆ. ಗ್ರಾಫಿನಲ್ಲಿ ಅದೇ ಶಿಖರ. ಇನ್ನಷ್ಟು ಮುಂದೆ ಮತ್ತೊಂದು ಪ್ರತ್ಯಾಮ್ಲ ಅಡೆನಿನ್ ಸರದಿ. ಡಿಎನ್‌ಎಗೆ ಹೀಗೆ ವಿದ್ಯುತ್ ಸಂಕೇತ ಕೊಡುವ ಗುಣವಿದೆಯೆಂದು ಪಾದರಸದ ಎಲೆಕ್ಟ್ರೋಡಿನಲ್ಲಿ ಮೊದಲು ತೋರಿಸಿದವರು ಈಗಿನ ಚೆಕ್ ಗಣರಾಜ್ಯದ ಬ್ರ್ನೋ ನಗರದ ವಿಜ್ಞಾನಿ ಎಮಿಲ್ ಪಲೆಚೆಕ್. 1960ರಲ್ಲಿ ಅದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಶಿಖರ ಇಳಿಯಲು ಕಾರಣಗಳಿಗೆ ಬರವಿಲ್ಲ. ಗ್ವಾನಿನ್ ನಿಜಕ್ಕೂ ಕೆಟ್ಟಿರಬಹುದು. ತೊಳೆಯುವಾಗ ಡಿಎನ್‌ಎ ಪದರವೇ ಕಳಚಿ ಹೋಗಿರಬಹುದು. ಫೀನಾಲ್‌ನಂಥ ವಸ್ತುವಾದರೆ ತಾನೇ ಉತ್ಕರ್ಷಣಗೊಂಡು ಎಲೆಕ್ಟ್ರೋಡಿನ ಮೇಲೆ ಪೊರೆ ಕಟ್ಟುತ್ತದೆ. ಕೆಳಗಿನ ಡಿಎನ್‌ಎ ಸುರಕ್ಷಿತವಾಗಿದ್ದರೂ ಅದರ ಸುದ್ದಿ ನಮಗೆ ತಲುಪುವುದಿಲ್ಲ. ಅದಕ್ಕೇ ಅಲ್ಯುಮಿನಾ ಪುಡಿಯಲ್ಲಿ ಎಲೆಕ್ಟ್ರೋಡನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿಸುತ್ತೇನೆ. ಬೇಸರದ ಕೆಲಸ, ಆದರೆ ಇದನ್ನು ತಪ್ಪಿಸಿದವರ ಗ್ರಾಫನ್ನು ನಾನು ಓದುವುದೇ ಇಲ್ಲ.

ಮಾಯವಾದದ್ದಕ್ಕಿಂತ ಹೊಸದಾಗಿ ಕಾಣಿಸಿಕೊಂಡದ್ದನ್ನು ನಾನು ಹೆಚ್ಚು ನಂಬುತ್ತೇನೆ. ಉತ್ಕರ್ಷಣದ ಪೆಟ್ಟು ತಿಂದ ಗ್ವಾನಿನ್ 8-ಆಕ್ಸೋಗ್ವಾನಿನ್ ಆಗುತ್ತದೆ. ಅದರ ಶಿಖರ ಏಳುವುದು ಬಹಳ ಕೆಳಗೆ, 0.45 ವೋಲ್ಟ್ ಆಸುಪಾಸಿನಲ್ಲಿ. ಎಳೆ ತುಂಡಾಗಿದೆಯೇ ಎಂದು ತಿಳಿಯಲು ಪಾದರಸ ಈಗಲೂ ಒಳ್ಳೆಯದು: ಎಲ್ಲೂ ಕಡಿಯದ, ಸುರುಳಿ ಸುತ್ತಿದ ವರ್ತುಲಾಕಾರದ ಡಿಎನ್‌ಎ ಕೊಡದ ಒಂದು ಸಂಕೇತವನ್ನು, ಒಂದೇ ಕಡೆ ಎಳೆ ಕಡಿದರೂ ಅದು ಕೊಡತೊಡಗುತ್ತದೆ.

ಹೊಸ ಶಿಖರವೂ ಮೋಸ ಮಾಡುತ್ತದೆ ಎಂಬುದನ್ನು ನಮಗೆ ಕಲಿಸಿದ್ದು ಕ್ರೋಮಿಯಂ. ಆರು ವೇಲೆನ್ಸಿಯ ಕ್ರೋಮಿಯಂ ಕುಖ್ಯಾತ ವಿಷ, ಆದರೆ ಬರಿಯ ಡಿಎನ್‌ಎ ಜೊತೆ ಇಟ್ಟರೆ ಹೆಚ್ಚೇನೂ ಮಾಡುವುದಿಲ್ಲ. ಜೀವಕೋಶದೊಳಗೆ ವಿಟಮಿನ್ ಸಿ ಮತ್ತು ಕೋಶದ್ದೇ ರಕ್ಷಕ ವಸ್ತುವಾದ ಗ್ಲುಟಾಥಯೋನ್ ಅದನ್ನು ಅಪಕರ್ಷಿಸುವಾಗ, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡುವಾಗ, ಹುಟ್ಟುವ ಮಧ್ಯಂತರ ರೂಪಗಳು ಮತ್ತು ಕೊನೆಗುಳಿಯುವ ಮೂರು ವೇಲೆನ್ಸಿಯ ಕ್ರೋಮಿಯಂ ಹಾನಿ ಮಾಡುತ್ತವೆ. ಹೊಗೆಯಲ್ಲಿರುವ ಬೆಂಜೊಪೈರೀನ್ ಕೂಡ ಹೀಗೆಯೇ. ದೇಹದ ಕಿಣ್ವಗಳು ಮುಟ್ಟಿದ ಮೇಲೆಯೇ ಅದು ಗ್ವಾನಿನ್ನಿಗೆ ಅಂಟುವ ರೂಪ ತಳೆಯುತ್ತದೆ. ಆದ್ದರಿಂದ ಡಿಎನ್‌ಎ ಜೊತೆ ಕಿಣ್ವದ ಪದರವನ್ನೂ ಎಲೆಕ್ಟ್ರೋಡಿಗೆ ಹಚ್ಚುವುದುಂಟು.

ಒಮ್ಮೆ ಕ್ರೋಮಿಯಂ ದ್ರಾವಣಕ್ಕೆ ವಿಟಮಿನ್ ಸಿ ಬೆರೆಸಿದೆವು. ಹಳದಿ ಬಣ್ಣ ಕಣ್ಣೆದುರೇ ಕರಗಿತು, ಗ್ರಾಫಿನಲ್ಲಿ ತಗ್ಗು ವೋಲ್ಟೇಜಿನ ಕಡೆ, 8-ಆಕ್ಸೋಗ್ವಾನಿನ್ ಏಳುವ ಜಾಗದ ಹತ್ತಿರ, ಚೆಂದದ ಶಿಖರವೂ ಎದ್ದಿತು. ಹುಡುಗರು ಕುಣಿದಾಡಿದರು. ಮರುದಿನ ಕ್ರೋಮಿಯಂ ಇಲ್ಲದೆ ವಿಟಮಿನ್ ಸಿ ಒಂದನ್ನೇ ಹಾಕಿ ಓಡಿಸಿದೆವು. ಅದೇ ಶಿಖರ! ವಿಟಮಿನ್ ಸಿ ತಾನೂ ಎಲೆಕ್ಟ್ರೋಡಿನಲ್ಲಿ ಉತ್ಕರ್ಷಣಗೊಳ್ಳುತ್ತದೆ, ಅದೂ ಹೆಚ್ಚುಕಡಿಮೆ ಅಲ್ಲೇ. ಅಂದಿನಿಂದ ಅದೊಂದನ್ನೇ ಹಾಕಿದ ಗ್ರಾಫನ್ನೂ ಜೊತೆಗೆ ತರದವರಿಗೆ ನನ್ನ ಮೇಜಿನೆದುರು ಕುರ್ಚಿ ಇಲ್ಲ.