ಸ್ಟಾಕ್ ಪೋಲೊ ಜಿಟಿ, ಮಾಡಿಫೈ ಆದ ಪೋಲೊ ಜಿಟಿ: ಹೋಲಿಸುವುದು ಹೇಗೆ?

ಹೋಲಿಕೆಗೆ ಇಲ್ಲಿ ತೆಗೆದುಕೊಂಡಿರುವುದು 2013ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರ್ ಎಂಜಿನ್‌ನದು. ನಮ್ಮಲ್ಲಿ ಅತಿ ಹೆಚ್ಚು ಕೈಚಳಕಕ್ಕೆ ಒಳಗಾದ ಕಾರುಗಳಲ್ಲಿ ಇದೂ ಒಂದು. ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೋದರೆ ಸ್ಟಾಕ್, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವುದೂ ಸಿಗುತ್ತದೆ, ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ತಿದ್ದುಪಡಿ ಆಗಿರುವುದೂ ಸಿಗುತ್ತದೆ. ಯಾವುದು ವೇಗವಾಗಿದೆ ಎಂದು ಕೇಳುವುದು ಸುಲಭ. ಒಂದು ಭಾಗದ ಬಲ ಹೆಚ್ಚಿಸಿದಾಗ ಆ ಭಾರ ಮುಂದೆ ಯಾವ ಭಾಗದ ಮೇಲೆ ಬಿತ್ತು ಎಂದು ಕೇಳಿದರೆ ಮಾತ್ರ ಕಾರು ಅರ್ಥವಾಗುತ್ತದೆ. ಈ ಟಿಪ್ಪಣಿಯನ್ನು ಆ ಪ್ರಶ್ನೆ ಹಿಡಿದೇ ಓದಿ.

ಸ್ಟಾಕ್ ಕಾರಿನ ಅಂಕಿಗಳು

1,197 ಸಿಸಿ, ನಾಲ್ಕು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ). 5,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತು) 105 ಪಿಎಸ್ (ಶಕ್ತಿಯ ಅಳತೆ). 1,500ರಿಂದ 4,100 ಆರ್‌ಪಿಎಂವರೆಗೆ 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಗೇರ್‌ಬಾಕ್ಸ್ ಏಳು ಸ್ಪೀಡಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್). ತೂಕ ಸುಮಾರು 1,100 ಕೆ.ಜಿ. ಕಂಪನಿಯ ಲೆಕ್ಕದಲ್ಲಿ ಸೊನ್ನೆಯಿಂದ ನೂರಕ್ಕೆ 9.7 ಸೆಕೆಂಡ್.

ಒಂದು ಸೂತ್ರ ಬಾಯಿಪಾಠ ಮಾಡಿಕೊಳ್ಳಿ: ಪಿಎಸ್ = ಟಾರ್ಕ್ × ಆರ್‌ಪಿಎಂ ÷ 7,023. 175 ಎನ್‌ಎಂ ಅನ್ನು 4,100ರಿಂದ ಗುಣಿಸಿ ಭಾಗಿಸಿದರೆ 102 ಪಿಎಸ್. ಹಾಗೆಯೇ 5,000 ಆರ್‌ಪಿಎಂನಲ್ಲಿ 105 ಪಿಎಸ್ ಎಂದರೆ ಅಲ್ಲಿ ಉಳಿದಿರುವ ಟಾರ್ಕ್ 147 ಎನ್‌ಎಂ ಮಾತ್ರ. ಅಂದರೆ 4,100 ದಾಟಿದ ಮೇಲೆ ಎಂಜಿನ್ ಹಿಂಡಿದರೂ ಹೆಚ್ಚೇನೂ ಸಿಗುವುದಿಲ್ಲ; ಈ ಕಾರಿನ ಖುಷಿ ಇರುವುದು ಮಧ್ಯದ ಆರ್‌ಪಿಎಂಗಳಲ್ಲಿ.

ಟಾರ್ಕ್ ಗೆರೆ 1,500ರಿಂದ 4,100ರವರೆಗೆ ಮೇಜಿನಂತೆ ಸಪಾಟಾಗಿರುವುದು ಏಕೆ? ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬೂಸ್ಟನ್ನು, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡವನ್ನು, ಬೇಕೆಂದೇ ತಡೆಹಿಡಿದಿರುವುದರಿಂದ. ಟರ್ಬೊಗೆ ಇನ್ನಷ್ಟು ಗಾಳಿ ತಳ್ಳುವ ಶಕ್ತಿ ಇದೆ, ಸಾಫ್ಟ್‌ವೇರ್ ಬೇಡ ಎನ್ನುತ್ತದೆ. ರೀಮ್ಯಾಪ್ ಕೈ ಹಾಕುವುದು ಇಲ್ಲಿಗೇ. ಟರ್ಬೊ ಇಲ್ಲದ ಪೋಲೊದಲ್ಲಿ ಇದೇ ಕೆಲಸಕ್ಕೆ ದುಡ್ಡು ಸುರಿದರೆ ಫಲ ಅತ್ಯಲ್ಪ, ಏಕೆಂದರೆ ಅಲ್ಲಿ ಹಿಡಿದಿಟ್ಟ ಬೂಸ್ಟೇ ಇಲ್ಲ.

ಸ್ಟೇಜ್ 1 ರೀಮ್ಯಾಪ್

ಹಾರ್ಡ್‌ವೇರ್ ಮುಟ್ಟದೆ, ಇಸಿಯುವಿನಲ್ಲಿರುವ ಬೂಸ್ಟ್ ಗುರಿ, ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತಿಸುವ ಸಮಯ), ಇಂಧನದ ಪ್ರಮಾಣ, ಟಾರ್ಕ್ ಮಿತಿ ಇವುಗಳನ್ನು ತಿದ್ದುವುದೇ ಸ್ಟೇಜ್ 1. ಈ ಎಂಜಿನ್‌ಗೆ ಟ್ಯೂನರ್‌ಗಳು ಸಾಮಾನ್ಯವಾಗಿ ಹೇಳುವುದು 135ರಿಂದ 140 ಪಿಎಸ್, 220ರಿಂದ 230 ಎನ್‌ಎಂ. ಮೇಲಿನ ಸೂತ್ರ ಹಾಕಿ ನೋಡಿ: 2,000 ಆರ್‌ಪಿಎಂನಲ್ಲಿ ಸ್ಟಾಕ್ ಕಾರು ಕೊಡುವುದು ಸುಮಾರು 50 ಪಿಎಸ್, 230 ಎನ್‌ಎಂ ಬಂದರೆ ಸುಮಾರು 65. ಹೈವೇಯಲ್ಲಿ ಲಾರಿ ಹಿಂದೆ ಹಾಕುವಾಗ ಕಾಲಿಗೆ ಗೊತ್ತಾಗುವುದು ಈ 15 ಪಿಎಸ್, ಬ್ರೋಷರ್‌ನಲ್ಲಿ ಬರೆಯುವ ಗರಿಷ್ಠ ಅಂಕಿ ಅಲ್ಲ.

ಎಡವುವುದು ಎಲ್ಲಿ? ಮೊದಲನೆಯದು ಪೆಟ್ರೋಲ್. ಬೂಸ್ಟ್ ಹೆಚ್ಚಿದರೆ ಸಿಲಿಂಡರ್ ಒಳಗಿನ ಒತ್ತಡ, ಬಿಸಿ ಎರಡೂ ಹೆಚ್ಚುತ್ತವೆ. ಪೆಟ್ರೋಲ್‌ನ ಆಕ್ಟೇನ್ (ತಾನಾಗಿ ಸಿಡಿಯದಂತೆ ತಡೆಯುವ ಗುಣ) ಕಡಿಮೆ ಇದ್ದರೆ ಮಿಶ್ರಣ ಕಿಡಿ ತಗಲಿದ ಮೇಲೆ ಹದವಾಗಿ ಉರಿಯುವ ಬದಲು ಮೂಲೆಯಲ್ಲಿ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. 95 ಅಥವಾ 97 ಆಕ್ಟೇನ್‌ಗೆಂದು ಬರೆದ ಮ್ಯಾಪ್ (ಇಸಿಯುವಿನ ಲೆಕ್ಕಪಟ್ಟಿ) ಹಾಕಿಸಿ, ಊರಿನ ಬಂಕಿನಲ್ಲಿ ಅದಕ್ಕಿಂತ ಕಡಿಮೆ ಆಕ್ಟೇನ್‌ನ ಪೆಟ್ರೋಲ್ ತುಂಬಿಸಿದರೆ ಇಸಿಯು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಕಾಸು ಕೊಟ್ಟು ಪಡೆದ ಶಕ್ತಿ ಅಲ್ಲೇ ಕರಗುತ್ತದೆ, ಪಿಸ್ಟನ್‌ಗೂ ಏಟು. ನೀವು ಓಡಾಡುವ ದಾರಿಯಲ್ಲಿ ಹೈ ಆಕ್ಟೇನ್ ಪೆಟ್ರೋಲ್ ಎಲ್ಲೆಲ್ಲಿ ಸಿಗುತ್ತದೆ ಎಂದು ನೋಡಿಕೊಂಡು ಮ್ಯಾಪ್ ಆರಿಸಿ.

ಎರಡನೆಯದು ಸ್ಪಾರ್ಕ್ ಪ್ಲಗ್. ಸವೆದ ಪ್ಲಗ್‌ನಲ್ಲಿ ಗ್ಯಾಪ್ ದೊಡ್ಡದಾಗಿರುತ್ತದೆ. ಹೆಚ್ಚಿದ ಒತ್ತಡದಲ್ಲಿ ಕಿಡಿ ಅದನ್ನು ದಾಟಲಾರದು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮಿಸ್‌ಫೈರ್ ಆಗಿ ಚೆಕ್ ಎಂಜಿನ್ ದೀಪ ಮಿನುಗಿದರೆ ಮೊದಲು ಪ್ಲಗ್, ಆಮೇಲೆ ಪ್ಲಗ್‌ಗೆ ವಿದ್ಯುತ್ ಕೊಡುವ ಕಾಯಿಲ್ ನೋಡಿ. ರೀಮ್ಯಾಪ್‌ಗೆ ಮುಂಚೆ ನಾಲ್ಕೂ ಪ್ಲಗ್ ಹೊಸದು ಹಾಕಿಸುವುದೇ ಸರಿ.

ಸೆನ್ಸರ್ ಮಧ್ಯೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಬೇರೆಯದೇ ವಿಷಯ. ಅದು ಬೂಸ್ಟ್ ಕಡಿಮೆ ಇದೆ ಎಂದು ಇಸಿಯುಗೆ ಸುಳ್ಳು ಹೇಳಿ ಹೆಚ್ಚು ಬೂಸ್ಟ್ ತರಿಸುತ್ತದೆ. ನಿಜವಾದ ಒತ್ತಡ ಎಷ್ಟೆಂದು ಇಸಿಯುಗೆ ತಿಳಿಯದೆ ಹೋಗುವುದರಿಂದ ಅದರ ರಕ್ಷಣಾ ಲೆಕ್ಕಗಳೂ ತಪ್ಪುತ್ತವೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕಾರನ್ನು ಲಾಗ್ ಮಾಡಿ (ಓಡುವಾಗಿನ ಅಂಕಿ ದಾಖಲಿಸಿ) ಬರೆದ ಮ್ಯಾಪೇ ವಾಸಿ.

ಭಾರ ಬೀಳುವುದು ಗೇರ್‌ಬಾಕ್ಸ್ ಮೇಲೆ

ಇಲ್ಲಿ ನಿಧಾನವಾಗಿ ಓದಿ. ಈ ಕಾರಿನ ಡಿಎಸ್‌ಜಿಯ ಹೆಸರು ಡಿಕ್ಯು200. ಎರಡು ಕ್ಲಚ್, ಎರಡೂ ಒಣ ಕ್ಲಚ್. ತಂಪು ಮಾಡಲು ಸುತ್ತ ಎಣ್ಣೆ ಇಲ್ಲ. ತಯಾರಕರು ಇದಕ್ಕೆ ಇಟ್ಟ ಮಿತಿ 250 ಎನ್‌ಎಂ. ಸ್ಟಾಕ್ ಕಾರಿನಲ್ಲಿ 175 ಬಳಸಿ 75 ಎನ್‌ಎಂ ಮಿಗಿಸಿದ್ದಾರೆ. ರೀಮ್ಯಾಪ್ ಆದ ಮೇಲೆ ಉಳಿಯುವುದು 20ರಿಂದ 30. ಕಾಗದದ ಮೇಲೆ ಇನ್ನೂ ಮಿತಿಯ ಒಳಗೇ ಇದ್ದೇವೆ ಎಂದು ಸಮಾಧಾನ ಪಡಬಹುದು, ಆದರೆ ಅದು ಹೊಸ ಕ್ಲಚ್‌ನ ಲೆಕ್ಕ. 60,000 ಕಿ.ಮೀ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ತೆವಳಿದ ಕ್ಲಚ್ ಅಷ್ಟನ್ನು ಹಿಡಿಯುತ್ತದೆ ಎಂದುಕೊಳ್ಳಬೇಡಿ.

ಪರೀಕ್ಷೆ ಹೀಗೆ: ಖಾಲಿ ರಸ್ತೆಯಲ್ಲಿ, ಮ್ಯಾನ್ಯುಯಲ್ ಮೋಡ್‌ನಲ್ಲಿ ನಾಲ್ಕನೇ ಗೇರ್, 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ವೇಗದ ಜೊತೆ ಏರಬೇಕು. ಮುಳ್ಳು ಮೊದಲು ಜಿಗಿದು ವೇಗ ಆಮೇಲೆ ಬಂದರೆ ಕ್ಲಚ್ ಜಾರುತ್ತಿದೆ. ಐದನೇ ಗೇರ್‌ನಲ್ಲೂ ಮಾಡಿ, ಏಕೆಂದರೆ ಬೆಸ ಗೇರ್‌ಗಳಿಗೆ ಒಂದು ಕ್ಲಚ್, ಸಮ ಗೇರ್‌ಗಳಿಗೆ ಇನ್ನೊಂದು. ಒಂದು ಚೆನ್ನಾಗಿದ್ದು ಮತ್ತೊಂದು ಸವೆದಿರಬಹುದು. ಒಂದರಿಂದ ಎರಡಕ್ಕೆ ಬೀಳುವಾಗ ನಡುಕ ಇದ್ದರೆ ರೀಮ್ಯಾಪ್ ವಿಚಾರ ಅಲ್ಲಿಗೇ ಬಿಡಿ, ಮೊದಲು ಗೇರ್‌ಬಾಕ್ಸ್ ತೋರಿಸಿ.

ಎಂಜಿನ್ ಮ್ಯಾಪ್ ಮಾತ್ರ ಬದಲಿಸಿ ಗೇರ್‌ಬಾಕ್ಸ್‌ನ ಕಂಪ್ಯೂಟರ್ ಆದ ಟಿಸಿಯು ಹಾಗೇ ಬಿಟ್ಟರೆ, ಅದು ಹಳೆಯ ಟಾರ್ಕ್‌ಗೆ ಸಾಕಾಗುವಷ್ಟೇ ಕ್ಲಚ್ ಒತ್ತಬಹುದು, ಇಲ್ಲವೇ ಟಾರ್ಕ್ ಇಳಿಸು ಎಂದು ಎಂಜಿನ್‌ಗೆ ಹೇಳಬಹುದು. ಟ್ರಾಫಿಕ್‌ನಲ್ಲಿ ಅರ್ಧ ಬ್ರೇಕ್ ಹಿಡಿದು ಇಂಚಿಂಚು ತೆವಳಿಸುವ ಅಭ್ಯಾಸವಂತೂ ಸ್ಟಾಕ್ ಕಾರಿಗೂ ವಿಷ. ಮುಂದಿನ ಗಾಡಿಗೆ ಜಾಗ ಬಿಟ್ಟು, ಪೂರ್ತಿ ನಿಂತು, ಪೂರ್ತಿ ಹೊರಡಿ.

ಟೈರ್ ಮತ್ತು ಬ್ರೇಕ್

ಬ್ರೇಕ್ ದೊಡ್ಡದು ಮಾಡಿದರೆ ಕಾರು ಬೇಗ ನಿಲ್ಲುತ್ತದೆ ಎಂಬುದು ಅರ್ಧ ಸತ್ಯ. ಸ್ಟಾಕ್ ಬ್ರೇಕ್‌ಗೇ ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಬಲ ಇದೆ. ನಿಲ್ಲಿಸುವ ದೂರ ನಿರ್ಧರಿಸುವುದು ಟೈರ್‌ನ ಹಿಡಿತ. 100 ಕಿ.ಮೀ. ವೇಗದಲ್ಲಿ ಘರ್ಷಣೆಯ ಗುಣಾಂಕ 0.9 ಇದ್ದರೆ ದೂರ ಸುಮಾರು 44 ಮೀಟರ್, 1.0 ಇದ್ದರೆ 39. ವ್ಯತ್ಯಾಸ ಒಂದು ಪೋಲೊದ ಉದ್ದಕ್ಕಿಂತ ಹೆಚ್ಚು, ಅದೂ ಬರೀ ಟೈರ್ ಬದಲಿಸಿದ್ದರಿಂದ. ಯಾರು ಕೇಳಿದರೂ ಮೊದಲ ಅಪ್‌ಗ್ರೇಡ್ ಒಳ್ಳೆಯ ಟೈರ್ ಎಂದೇ ಹೇಳಿ.

ಬ್ರೇಕ್ ಅಪ್‌ಗ್ರೇಡ್ ಬೇಕಾಗುವುದು ಬಿಸಿಗಾಗಿ. ಚಲನ ಶಕ್ತಿ ವೇಗದ ವರ್ಗಕ್ಕೆ ಏರುತ್ತದೆ. ಚಾಲಕ ಸೇರಿ 1,200 ಕೆ.ಜಿ. ಕಾರು 100ರಲ್ಲಿ ಹೊತ್ತಿರುವುದು ಸುಮಾರು 463 ಕಿಲೊಜೂಲ್, 140ರಲ್ಲಿ ಸುಮಾರು 907. ವೇಗ ಹೆಚ್ಚಿದ್ದು ಶೇ 40, ಬಿಸಿ ಹೆಚ್ಚುಕಡಿಮೆ ಎರಡು ಪಟ್ಟು. ಈ ಕಾರಿಗೆ ಹಿಂದೆ ಇರುವುದು ಡ್ರಮ್ ಬ್ರೇಕ್. ಕೆಲಸದ ಬಹುಪಾಲು ಮುಂದಿನ ಡಿಸ್ಕ್‌ಗಳದ್ದು. ಆಗುಂಬೆ ಅಥವಾ ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾದರೆ ಕಾರಣ ಹೆಚ್ಚಾಗಿ ಹಳೆಯ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯಲ್ಲಿ ಕುದಿಯಬೇಕು, ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5.1 ಹಾಕಬಹುದು, ಅದರ ಮಟ್ಟ 260 ಮತ್ತು 180. ಡಾಟ್ 5 ಸಿಲಿಕೋನ್ ಆಧಾರಿತ, ಹೆಸರು ಹತ್ತಿರ ಇದೆಯೆಂದು ಅದನ್ನು ಸುರಿಯಬೇಡಿ.

ಅಲಾಯ್ ವೀಲ್ ಬದಲಿಸುವವರಿಗೆ: ಪಿಸಿಡಿ 5×100 (100 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟ್), ನಡುವಿನ ರಂಧ್ರ 57.1 ಮಿ.ಮೀ. ಹೊಸ ವೀಲ್‌ನ ರಂಧ್ರ ದೊಡ್ಡದಿದ್ದರೆ ಸಂದು ತುಂಬುವ ಹಬ್ ರಿಂಗ್ ಹಾಕದೆ ಬಿಗಿದರೆ 90 ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಎಷ್ಟು ಮಾಡಿಸಿದರೂ ಹೋಗದು. ಇನ್ನೂ ಅಪಾಯದ ತಪ್ಪು ಬೋಲ್ಟ್‌ನಲ್ಲಿ. ಕಂಪನಿ ವೀಲ್‌ಗೆ ಗುಂಡನೆಯ ತಳದ ಬೋಲ್ಟ್, ಹೊರಗಿನ ಬಹುತೇಕ ವೀಲ್‌ಗಳಿಗೆ ಶಂಕುವಿನಾಕಾರದ ತಳ. ಅದಲು ಬದಲು ಹಾಕಿದರೆ ಕೂರುವ ಜಾಗ ಕಿರಿದಾಗಿ ಬೋಲ್ಟ್ ಸಡಿಲಾಗುತ್ತದೆ. ಬಿಗಿತ 120 ಎನ್‌ಎಂ, ಟಾರ್ಕ್ ರೆಂಚ್‌ನಿಂದಲೇ. 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡಿ.

ಅಳತೆಯ ಲೆಕ್ಕವೂ ಇದೆ. 185/60 ಆರ್15 (ಅಗಲ 185 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ 60, ರಿಮ್ 15 ಇಂಚು) ಟೈರ್‌ನ ವ್ಯಾಸ 603 ಮಿ.ಮೀ., 195/55 ಆರ್15ರದು 595.5. ಶೇ 1ರಷ್ಟು ಫರಕು, ತೊಂದರೆಯಿಲ್ಲ. 195/55 ಆರ್16 ಹಾಕಿದರೆ 621, ಶೇ 3 ಹೆಚ್ಚು. ಗೇರಿಂಗ್ ಅಷ್ಟು ಉದ್ದವಾಗಿ ಎಳೆತ ಕುಗ್ಗುತ್ತದೆ, ಸ್ಪೀಡೋಮೀಟರ್ ಕಡಿಮೆ ತೋರಿಸತೊಡಗುತ್ತದೆ.

ಸಸ್ಪೆನ್ಷನ್, ಫಿಲ್ಟರ್, ಸೈಲೆನ್ಸರ್

30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿದರೆ ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ. ಆದರೆ ಸುಮಾರು 165 ಇದ್ದ ಗ್ರೌಂಡ್ ಕ್ಲಿಯರೆನ್ಸ್ 135ಕ್ಕೆ ಇಳಿಯುತ್ತದೆ. ನಾಲ್ಕು ಜನ ಕೂತರೆ ಹಂಪ್ ಬಂದಾಗಲೆಲ್ಲ ಉಸಿರು ಬಿಗಿಹಿಡಿಯಬೇಕು. ಹಳೆಯ ಶಾಕ್ ಅಬ್ಸಾರ್ಬರ್ ಮೇಲೆ ಬಿರುಸಾದ ಸ್ಪ್ರಿಂಗ್ ಕೂರಿಸಿದರೆ ಕಾರು ಕುಪ್ಪಳಿಸುತ್ತದೆ. ನಮ್ಮ ರಸ್ತೆಗೆ ಸ್ಟಾಕ್ ಎತ್ತರದಲ್ಲೇ ಹೊಸ, ಉತ್ತಮ ಶಾಕ್ ಅಬ್ಸಾರ್ಬರ್ ಹಾಕುವುದು ಹೆಚ್ಚು ಜಾಣತನ. ಸ್ಪ್ರಿಂಗ್ ಕತ್ತರಿಸುವುದನ್ನು ಮಾತ್ರ ಎಂದೂ ಒಪ್ಪಬೇಡಿ. ಸಸ್ಪೆನ್ಷನ್ ಏನೇ ಬದಲಾದರೂ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ಕೋನ ಮತ್ತೆ ಹೊಂದಿಸಬೇಕು.

ತೆರೆದ ಕೋನ್ ಫಿಲ್ಟರ್ ಸದ್ದು ಕೊಡುತ್ತದೆ, ಜೊತೆಗೆ ಬಾನೆಟ್ ಒಳಗಿನ ಬಿಸಿಗಾಳಿ ಎಳೆಯುತ್ತದೆ. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 55 ಡಿಗ್ರಿಯ ಗಾಳಿಯ ಸಾಂದ್ರತೆ ಶೇ 9 ಕಡಿಮೆ. ಬರೀ ಸೈಲೆನ್ಸರ್ ಬದಲಾವಣೆಯಿಂದ ಸಿಗುವುದು ಬಹುಮಟ್ಟಿಗೆ ಶಬ್ದವೇ.

ಅಳೆಯುವಾಗ

ಡೈನೊ (ಶಕ್ತಿ ಅಳೆಯುವ ಯಂತ್ರ) ಚೀಟಿ ಹಿಡಿದು ವಾದಕ್ಕಿಳಿಯುವ ಮುನ್ನ ಎರಡು ವಿಷಯ ಕೇಳಿ. ಅಂಕಿ ಚಕ್ರದ್ದೋ, ಎಂಜಿನ್‌ನದ್ದೋ? ಹವಾಮಾನಕ್ಕೆ ತಿದ್ದುಪಡಿ ಹಾಕಿದ್ದಾರೆಯೇ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೆ ತಿದ್ದುಪಡಿ ನ್ಯಾಯ. ಟರ್ಬೊ ಎಂಜಿನ್‌ನಲ್ಲಿ ಟರ್ಬೊ ಹೆಚ್ಚು ತಿರುಗಿ ಆ ಕೊರತೆಯ ದೊಡ್ಡ ಪಾಲನ್ನು ತಾನೇ ತುಂಬಿಕೊಳ್ಳುತ್ತದೆ. ಅದರ ಮೇಲೆ ಮತ್ತೆ ಅದೇ ತಿದ್ದುಪಡಿ ಗುಣಿಸಿದರೆ ಇಲ್ಲದ ಶಕ್ತಿ ಚೀಟಿಯಲ್ಲಿ ಮೂಡುತ್ತದೆ. ಹಾಗಾಗಿ ಸ್ಟಾಕ್ ಓಟ, ರೀಮ್ಯಾಪ್ ಓಟ ಎರಡೂ ಅದೇ ಡೈನೊ, ಅದೇ ದಿನ, ಅದೇ ಪೆಟ್ರೋಲ್, ಅದೇ ಟೈರ್ ಒತ್ತಡ, ಅದೇ ಗೇರ್‌ನಲ್ಲಿ ಆಗಬೇಕು. ತಲಾ ಮೂರು ಓಟ ತೆಗೆದು ನಡುವಿನದನ್ನು ಹಿಡಿಯಿರಿ.

ಕಾನೂನು

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ, ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ಹೇಳುತ್ತದೆ. ಕಣ್ಣಿಗೆ ಕಾಣದ ರೀಮ್ಯಾಪ್‌ಗೆ ಇದೆಲ್ಲ ತಗಲುವುದಿಲ್ಲ ಎಂದುಕೊಳ್ಳಬೇಡಿ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ಬಳಿಕ ಕ್ಲೇಮ್‌ಗೇ ಅಡ್ಡ ಬರಬಹುದು. ಏನೇ ಹಾಕಿಸುವ ಮುಂಚೆ ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ತೆಗೆದ ಸ್ಟಾಕ್ ಭಾಗಗಳನ್ನು ಮಾರದೆ ಚೀಲ ಕಟ್ಟಿ ಇಡಿ. ಸ್ಟಾಕ್ ಮ್ಯಾಪ್‌ನ ಪ್ರತಿಯನ್ನೂ ಟ್ಯೂನರ್‌ನಿಂದ ಕೇಳಿ ಇಸಿದುಕೊಳ್ಳಿ.