ಮಹಡಿ ಹತ್ತಿದರೂ ಫೋನ್ ಕೆಳಗಿನ ವೈಫೈಯನ್ನೇ ಹಿಡಿದುಕೊಂಡಿರುತ್ತದೆ, ಯಾಕೆ?

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೊಂದು, ಮೇಲೊಂದು ವೈಫೈ ರೂಟರ್ ಇದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಆದರೂ ವಾಟ್ಸಾಪ್‌ನಲ್ಲಿ ಮಾತಾಡುತ್ತಾ ಮೇಲೆ ಹೋದರೆ ಧ್ವನಿ ಕಡಿದು ಕಡಿದು ಬರುತ್ತದೆ. ಮೇಲಿನ ರೂಟರ್ ಪಕ್ಕದಲ್ಲೇ ಕೂತರೂ ಫೋನ್ ಕೆಳಗಿನದಕ್ಕೇ ಅಂಟಿಕೊಂಡಿರುತ್ತದೆ. ಸೆಟ್ಟಿಂಗ್‌ನಲ್ಲಿ ‘802.11ಕೆ’ ಅಂತ ಒಂದು ಆಯ್ಕೆ ಕಂಡಿತು. ಅದನ್ನು ಆನ್ ಮಾಡಿದರೆ ಸರಿಹೋಗುತ್ತಾ?

ಉತ್ತರ: ಆನ್ ಮಾಡಿ, ನಷ್ಟವೇನಿಲ್ಲ. ಆದರೆ ನಿಮ್ಮ ಎರಡು ರೂಟರ್‌ಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲದಿದ್ದರೆ ಅದೊಂದರಿಂದಲೇ ಸಮಸ್ಯೆ ಬಗೆಹರಿಯುವುದಿಲ್ಲ.

ಮೊದಲು ಒಂದು ವಿಷಯ. ವೈಫೈಯಲ್ಲಿ ಒಂದು ರೂಟರ್ ಬಿಟ್ಟು ಇನ್ನೊಂದಕ್ಕೆ ಹೋಗುವ ತೀರ್ಮಾನ ಫೋನಿನದು, ರೂಟರಿನದಲ್ಲ. ಮೊಬೈಲ್ ಟವರ್‌ನ ಕರೆಯಲ್ಲಿ ಹೀಗಿಲ್ಲ. ಬಸ್ಸಿನಲ್ಲಿ ಕೂತು ಮಾತಾಡುತ್ತಾ ಹೋಗುವಾಗ ಫೋನ್ ತನಗೆ ಯಾವ ಟವರ್ ಎಷ್ಟು ಕೇಳಿಸುತ್ತಿದೆ ಎಂದು ವರದಿ ಕೊಡುತ್ತಿರುತ್ತದೆ. ಅದನ್ನು ನೋಡಿ ‘ಇನ್ನು ಆ ಟವರ್‌ಗೆ ಹೋಗು’ ಎಂದು ಹೇಳುವುದು ನೆಟ್‌ವರ್ಕ್. ವೈಫೈಯಲ್ಲೂ ಹಾಗೇ ಆಗುತ್ತದೆ ಎಂದು ನಾವು ಅಂದುಕೊಂಡುಬಿಡುತ್ತೇವೆ. ಅಲ್ಲೇ ಎಡವಟ್ಟು.

ಇದನ್ನು ನಾನು ಕಣ್ಣಾರೆ ನೋಡಿದ್ದು ಅಕ್ಕನ ಮನೆಯಲ್ಲಿ. ಅವರದೂ ನಿಮ್ಮದೇ ತೊಂದರೆ. ಸಿಗ್ನಲ್‌ನ ಅಳತೆ ತೋರಿಸುವ ಒಂದು ಆ್ಯಪ್ ಹಾಕಿಕೊಂಡು ಕೆಳಗಿನ ಹಾಲ್‌ನಿಂದ ಹೊರಟೆ. ಟಿವಿ ಪಕ್ಕದಲ್ಲಿ ಮೈನಸ್ 45 ಡಿಬಿಎಂ ಇತ್ತು (ಡಿಬಿಎಂ ಸಿಗ್ನಲ್‌ನ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ). ಮೆಟ್ಟಿಲ ತಿರುವಿನಲ್ಲಿ ಮೈನಸ್ 58. ಆರ್‌ಸಿಸಿ ಚಾವಣಿ ದಾಟಿ ಮೇಲಿನ ರೂಮಿಗೆ ಹೋದರೆ ಮೈನಸ್ 69. ಅದೇ ರೂಮಿನ ಮೂಲೆಯಲ್ಲಿ ಮೇಲಿನ ರೂಟರ್ ಇದೆ. ಅದರ ಸಿಗ್ನಲ್ ಮೈನಸ್ 42. ಈ ಲೆಕ್ಕದಲ್ಲಿ 10 ಡಿಬಿ ವ್ಯತ್ಯಾಸ ಎಂದರೆ ಶಕ್ತಿಯಲ್ಲಿ ಹತ್ತು ಪಟ್ಟು. ಇಲ್ಲಿರುವ 27 ಡಿಬಿ ಅಂದರೆ ಸುಮಾರು 500 ಪಟ್ಟು. ಅಷ್ಟು ಗಟ್ಟಿಯಾದ ಸಿಗ್ನಲ್ ಕೈಗೆಟುಕುವಷ್ಟು ದೂರದಲ್ಲಿದ್ದರೂ ಅಕ್ಕನ ಫೋನ್ ಕದಲಲಿಲ್ಲ.

ಕಾರಣ ಸರಳ. ಅದು ಐಫೋನ್. ಈಗಿನ ಸಿಗ್ನಲ್ ಮೈನಸ್ 70ಕ್ಕಿಂತ ಕೆಳಗಿಳಿದ ಮೇಲಷ್ಟೇ ಐಫೋನ್ ಬೇರೆ ರೂಟರ್ ಹುಡುಕಲು ಶುರು ಮಾಡುತ್ತದೆ ಎಂದು ಆಪಲ್ ಕಂಪನಿಯೇ ತಿಳಿಸಿದೆ. ಅಕ್ಕನ ಫೋನ್ ನಿಂತಿದ್ದು 69ರಲ್ಲಿ. ಅದರ ಮಟ್ಟಿಗೆ ಎಲ್ಲ ಚೆನ್ನಾಗಿಯೇ ಇತ್ತು, ಹುಡುಕುವ ಗೋಜಿಗೇ ಅದು ಹೋಗಲಿಲ್ಲ. ಬೇರೆ ಫೋನ್‌ಗಳ ಗಡಿ ಬೇರೆ ಇರಬಹುದು, ನಡೆ ಮಾತ್ರ ಇದೇ.

ಹಾಗಾದರೆ ಧ್ವನಿ ಯಾಕೆ ಕಡಿಯಿತು? ರೂಟರ್ ಕರೆಂಟಿನಲ್ಲಿ ಓಡುತ್ತದೆ, ಜೋರಾಗಿ ಕೂಗಬಲ್ಲದು. ಫೋನ್ ಬ್ಯಾಟರಿ ಉಳಿಸಬೇಕು, ಅದರ ದನಿ ಸಣ್ಣದು. ಕೆಳಗಿನ ರೂಟರ್ ಹೇಳಿದ್ದು ಮೇಲಿನ ರೂಮಿಗೆ ಹೇಗೋ ಕೇಳಿಸುತ್ತದೆ, ಅಲ್ಲಿಂದ ಫೋನ್ ಹೇಳಿದ್ದು ಕೆಳಗೆ ಸರಿಯಾಗಿ ಮುಟ್ಟುವುದಿಲ್ಲ. ಸ್ಕ್ರೀನ್ ಮೇಲೆ ಕಾಣುವ ಸಿಗ್ನಲ್ ಕಡ್ಡಿಗಳು ಒಂದು ದಿಕ್ಕಿನ ಕಥೆ ಮಾತ್ರ ಹೇಳುತ್ತವೆ.

ಇನ್ನು 802.11ಕೆ ವಿಷಯಕ್ಕೆ ಬರೋಣ. ಇದು 2008ರಲ್ಲಿ ಬಂದ ಮಾನದಂಡ. ರೇಡಿಯೋ ಅಳತೆಗಳನ್ನು ಫೋನ್ ಮತ್ತು ರೂಟರ್ ಪರಸ್ಪರ ಕೇಳಿ ಪಡೆಯುವ ಭಾಷೆಯನ್ನು ಅದು ಕೊಟ್ಟಿತು. ಮುಂದೆ 2012ರಲ್ಲಿ ಮುಖ್ಯ ವೈಫೈ ಮಾನದಂಡದೊಳಗೇ ಸೇರಿತು. ಮನೆಯವರಿಗೆ ಇದರಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ನೆರೆ ರೂಟರ್‌ಗಳ ಪಟ್ಟಿ. ಫೋನ್ ಕೇಳಿದಾಗ ರೂಟರ್ ಹೇಳುತ್ತದೆ: ‘ನಮ್ಮದೇ ನೆಟ್‌ವರ್ಕ್‌ನ ಇನ್ನೊಂದು ರೂಟರ್ ಇದೆ, ಅದರ ಗುರುತು ಇದು, ಅದು ಇರುವುದು 36ನೇ ಚಾನೆಲ್‌ನಲ್ಲಿ.’ ಚಾನೆಲ್ ಎಂದರೆ ರೂಟರ್ ಮಾತಾಡಲು ಆರಿಸಿಕೊಂಡ ರೇಡಿಯೋ ದಾರಿ.

ಇದರ ಬೆಲೆ ಗೊತ್ತಾಗಬೇಕಾದರೆ ಪಟ್ಟಿ ಇಲ್ಲದ ಫೋನಿನ ಪಾಡು ನೋಡಬೇಕು. ಪ್ರತಿ ರೂಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ‘ನಾನಿಲ್ಲಿದ್ದೇನೆ’ ಎಂದು ಬೀಕನ್ ಕಳಿಸುತ್ತದೆ. ಸುಮ್ನೆ ಕಿವಿಗೊಟ್ಟು ಹುಡುಕುವ ಫೋನ್ ಒಂದೊಂದು ಚಾನೆಲ್‌ನಲ್ಲೂ ಅಷ್ಟು ಹೊತ್ತು ಕಾಯಬೇಕು. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು 20ಕ್ಕೂ ಹೆಚ್ಚು. ಎಲ್ಲ ಸುತ್ತಿ ಬರಲು ಎರಡು ಸೆಕೆಂಡ್ ದಾಟುತ್ತದೆ. ಇತ್ತ ಇಂಟರ್ನೆಟ್ ಕರೆಯಲ್ಲಿ ಧ್ವನಿಯ ತುಣುಕುಗಳು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ ಹೋಗುತ್ತಿರಬೇಕು. ಕೆಲವು ಚಾನೆಲ್‌ಗಳಲ್ಲಿ ಫೋನ್ ತಾನೇ ‘ಯಾರಿದ್ದೀರಿ’ ಎಂದು ಕೂಗಿ ಬೇಗ ಉತ್ತರ ಪಡೆಯಬಹುದು. ಆದರೆ ರೇಡಾರ್ ಜೊತೆ ಹಂಚಿಕೊಂಡಿರುವ ಚಾನೆಲ್‌ಗಳಲ್ಲಿ ಹಾಗೆ ಕೂಗುವಂತಿಲ್ಲ, ಕಾಯಲೇಬೇಕು. ಪಟ್ಟಿ ಕೈಯಲ್ಲಿದ್ದರೆ ಒಂದೆರಡು ಚಾನೆಲ್ ನೋಡಿದರೆ ಮುಗಿಯಿತು. ಗೊತ್ತಿಲ್ಲದ ಊರಿನಲ್ಲಿ ಬೀದಿ ಬೀದಿ ಅಲೆಯುವ ಬದಲು ಅಂಗಡಿಯವರನ್ನು ಕೇಳಿ ನೇರ ಮನೆಗೆ ಹೋದಹಾಗೆ.

ಗಮನಿಸಿ, ಪಟ್ಟಿ ಸಿಕ್ಕರೆ ಹುಡುಕುವುದು ಬೇಗ ಆಗುತ್ತದೆ ಅಷ್ಟೇ. ಯಾವಾಗ ಹುಡುಕಬೇಕು ಎನ್ನುವುದು ಆಗಲೂ ಫೋನಿನದೇ ತೀರ್ಮಾನ. ಅಕ್ಕನ ಮನೆಯ 69 ಹಾಗೇ ಇದ್ದರೆ ಪಟ್ಟಿ ಇದ್ದೂ ಇಲ್ಲದಂತೆ.

ಈ ಮಾನದಂಡದ ಇನ್ನೊಂದು ಮುಖ ನನಗೆ ತುಂಬಾ ಇಷ್ಟ. ರೂಟರ್ ಕೂಡ ಫೋನನ್ನು ಕೇಳಬಹುದು. ‘ನೀನಿರುವ ಜಾಗದಲ್ಲಿ ಯಾವ ರೂಟರ್ ಎಷ್ಟು ಕೇಳಿಸುತ್ತಿದೆ? ಈ ಚಾನೆಲ್ ಎಷ್ಟು ಹೊತ್ತು ಗಿಜಿಗುಡುತ್ತಿದೆ?’ ಚಾನೆಲ್‌ನ ಗದ್ದಲವನ್ನು ಫೋನ್ 0ಯಿಂದ 255ರವರೆಗಿನ ಸಂಖ್ಯೆಯಲ್ಲಿ ತಿಳಿಸುತ್ತದೆ. 128 ಎಂದರೆ ಹೆಚ್ಚುಕಡಿಮೆ ಅರ್ಧ ಹೊತ್ತು ಯಾರೋ ಮಾತಾಡುತ್ತಿದ್ದಾರೆ ಎಂದರ್ಥ. ಇದು ಯಾಕೆ ಮುಖ್ಯ ಅಂದರೆ, ರೂಟರಿಗೆ ಗೊತ್ತಿರುವುದು ತಾನು ಕೂತಲ್ಲಿ ಕೇಳಿಸುವುದು ಮಾತ್ರ. ಅಪಾರ್ಟ್‌ಮೆಂಟಿನಲ್ಲಿ ಹಾಲ್‌ನ ರೂಟರಿಗೆ ಒಂದು ಚಾನೆಲ್ ನಿಶ್ಶಬ್ದವಾಗಿ ಕಾಣಬಹುದು. ಬೆಡ್‌ರೂಮಿನ ಗೋಡೆಯಾಚೆ ಪಕ್ಕದ ಮನೆಯ ರೂಟರ್ ಅದೇ ಚಾನೆಲ್‌ನಲ್ಲಿ ಅರಚುತ್ತಿರಬಹುದು. ಅದು ಗೊತ್ತಾಗಬೇಕಾದರೆ ಬೆಡ್‌ರೂಮಿನಲ್ಲಿರುವ ಫೋನೇ ಹೇಳಬೇಕು. ದೊಡ್ಡ ಆಫೀಸು, ಕಾಲೇಜುಗಳಲ್ಲಿ ನೂರಾರು ಆ್ಯಕ್ಸೆಸ್ ಪಾಯಿಂಟ್‌ಗಳನ್ನು (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆಗಳನ್ನು) ನೋಡಿಕೊಳ್ಳುವವರಿಗೆ ಇಂಥ ವರದಿ ಬಹಳ ದೊಡ್ಡ ಆಸರೆ. ಹಾಗಂತ ಕೇಳಿದ್ದಕ್ಕೆಲ್ಲ ಫೋನ್ ಉತ್ತರ ಕೊಡಲೇಬೇಕೆಂದಿಲ್ಲ. ‘ನನ್ನಿಂದಾಗದು’, ‘ಕೊಡುವುದಿಲ್ಲ’ ಎನ್ನಲೂ ಈ ಭಾಷೆಯಲ್ಲಿ ಅವಕಾಶವಿದೆ.

ಈಗ ನಿಮ್ಮ ಮನೆ. ನಿಮ್ಮದು ಒಂದೇ ಕಂಪನಿಯ ಮೆಶ್ ಸೆಟ್ (ಒಟ್ಟಿಗೆ ಒಂದೇ ನೆಟ್‌ವರ್ಕ್ ಆಗಿ ಕೆಲಸ ಮಾಡಲೆಂದೇ ಮಾಡಿದ ರೂಟರ್‌ಗಳ ಜೋಡಿ) ಆಗಿದ್ದರೆ ರೂಟರ್‌ಗಳು ಒಂದನ್ನೊಂದು ಬಲ್ಲವು, ಪಟ್ಟಿ ತಾನೇ ತಯಾರಾಗುತ್ತದೆ. ಬೇರೆ ಬೇರೆ ಅಂಗಡಿಯಿಂದ ತಂದ ಎರಡು ರೂಟರ್‌ಗಳಿಗೆ ಒಂದೇ ಹೆಸರು ಕೊಟ್ಟಿದ್ದರೆ ಪಟ್ಟಿಯಲ್ಲಿ ಹಾಕಲು ಅವುಗಳ ಬಳಿ ಏನೂ ಇರುವುದಿಲ್ಲ. ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡವರೂ ಪಟ್ಟಿ ತುಂಬಿಸುವ ವ್ಯವಸ್ಥೆ ಬೇರೆಯಾಗಿ ಮಾಡಿಕೊಳ್ಳಬೇಕು.

ಸೆಟ್ಟಿಂಗ್‌ನಲ್ಲಿ ಅಲ್ಲೇ ‘ವಿ’ ಮತ್ತು ‘ಆರ್’ ಕೂಡ ಕಾಣಬಹುದು. ‘ವಿ’ ಇದ್ದರೆ ರೂಟರ್ ಫೋನಿಗೆ ‘ಅಲ್ಲಿಗೆ ಹೋಗುವುದು ಒಳ್ಳೆಯದು’ ಎಂದು ಸಲಹೆ ಕೊಡಬಹುದು. ‘ಆರ್’ ಇದ್ದರೆ ಹೊಸ ರೂಟರ್ ಸೇರುವಾಗಿನ ಭದ್ರತೆಯ ಮಾತುಕತೆ ಬೇಗ ಮುಗಿಯುತ್ತದೆ. ಹಳೆಯ ಪ್ರಿಂಟರ್, ಕ್ಯಾಮೆರಾಗಳು ಕೆಲವೊಮ್ಮೆ ‘ಆರ್’ ಆನ್ ಮಾಡಿದ ಮೇಲೆ ಸೇರಿಕೊಳ್ಳುವುದಿಲ್ಲ. ಹಾಗಾದರೆ ಅದೊಂದನ್ನು ಆಫ್ ಮಾಡಿ, ‘ಕೆ’ ಇರಲಿ.

ಆದರೆ ಮೊದಲು ಮಾಡಬೇಕಾದ್ದು ಕೆಳಗಿನ ರೂಟರಿನ ಪವರ್ ಇಳಿಸುವುದು. ಬಹಳ ಜನ ಇದಕ್ಕೆ ಉಲ್ಟಾ ಮಾಡಿ ಎರಡನ್ನೂ ಫುಲ್‌ಗೆ ಇಡುತ್ತಾರೆ. ಅಕ್ಕನ ಮನೆಯಲ್ಲಿ 6 ಡಿಬಿಯಷ್ಟು ಇಳಿಸಿದೆ. ಮೇಲಿನ ರೂಮಿನಲ್ಲಿ ಅದರ ಸಿಗ್ನಲ್ ಮೈನಸ್ 75ಕ್ಕೆ ಬಂತು. ಹಾಲ್‌ನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನಂಬರ್ ಬದಲು ‘ಹೈ, ಮೀಡಿಯಂ, ಲೋ’ ಅಂತ ಇದ್ದರೆ ಮೀಡಿಯಂ ಇಟ್ಟು ನೋಡಿ.

ಆಮೇಲೆ ಅದೇ ಆ್ಯಪ್‌ನಲ್ಲಿ ಬಿಎಸ್‌ಎಸ್‌ಐಡಿ ಎಂಬ ಸಾಲಿನ ಮೇಲೆ (ಹೆಸರು ಒಂದೇ ಇದ್ದರೂ ಪ್ರತಿ ರೂಟರಿಗೂ ಬೇರೆಯಾಗಿರುವ ಗುರುತು ಅದು) ಕಣ್ಣಿಟ್ಟು, ಯಾರಿಗಾದರೂ ಕರೆ ಮಾಡಿ ಮಾತಾಡುತ್ತಾ ಮೆಟ್ಟಿಲು ಹತ್ತಿ. ಆ ಸಾಲು ಬದಲಾದ ಕ್ಷಣವೇ ಫೋನ್ ಮೇಲಿನ ರೂಟರ್‌ಗೆ ಹೋದ ಕ್ಷಣ. ಅಕ್ಕನ ಫೋನಿನಲ್ಲಿ ಅದು ಮೇಲಿನ ರೂಮಿನ ಬಾಗಿಲ ಹತ್ತಿರ ಬದಲಾಯಿತು. ಆ ಕಡೆ ಫೋನಿನಲ್ಲಿದ್ದ ಭಾವ ಮಾತು ನಿಲ್ಲಿಸಲೇ ಇಲ್ಲ, ಅವರಿಗೆ ಗೊತ್ತೇ ಆಗಿರಲಿಲ್ಲ.