ದುಂಡಗಾಗಲು ಭಾರ ಬೇಕು

1901ರ ಆರಂಭದಲ್ಲಿ ಆಸ್ಟ್ರಿಯಾದ ಖಗೋಳಜ್ಞ ಎಗಾನ್ ಫಾನ್ ಓಪೋಲ್ಟ್ಸರ್ ಒಂದು ವಿಚಿತ್ರವನ್ನು ಗಮನಿಸಿದರು. 1898ರಲ್ಲಷ್ಟೇ ಪತ್ತೆಯಾಗಿದ್ದ ಎರೋಸ್ ಎಂಬ ಕ್ಷುದ್ರಗ್ರಹ ಒಂದೇ ರಾತ್ರಿಯಲ್ಲಿ ಮಂಕಾಗಿ, ಬೆಳಗಿ, ಮತ್ತೆ ಮಂಕಾಗುತ್ತಿತ್ತು. ಕೆಲವು ಸಲ ಈ ಏರಿಳಿತ ನಾಲ್ಕು ಪಟ್ಟಿನವರೆಗೂ ಹೋಗುತ್ತಿತ್ತು. ಸೂರ್ಯನ ಬೆಳಕನ್ನು ಪ್ರತಿಫಲಿಸುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಂದು ಕಲ್ಲು ಹೀಗೇಕೆ ಮಾಡಬೇಕು?

ರಾತ್ರಿ ಕೋಣೆಯ ದೀಪ ಆರಿಸಿ, ಒಂದೇ ಟಾರ್ಚಿನ ಬೆಳಕಿನಲ್ಲಿ ಸೌತೆಕಾಯಿಯೊಂದನ್ನು ನಡುವಿಗೆ ಹಿಡಿದು ತಿರುಗಿಸಿ ನೋಡಿ. ಉದ್ದದ ಮೈ ಎದುರಾದಾಗ ಕಣ್ಣಿಗೆ ಹೆಚ್ಚು ಬೆಳಕು, ತುದಿ ಎದುರಾದಾಗ ಕಡಿಮೆ. ಒಂದು ಸುತ್ತಿಗೆ ಎರಡು ಸಲ ಹೊಳಪು, ಎರಡು ಸಲ ಮಂಕು. ಎರೋಸ್ ಮಾಡುತ್ತಿದ್ದದ್ದೂ ಇದನ್ನೇ, ಸುಮಾರು 5 ಗಂಟೆ 16 ನಿಮಿಷಕ್ಕೊಂದು ಸುತ್ತಿನಂತೆ. ಆದರೆ ಆಗ ಎಲ್ಲರೂ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಎರಡು ಕಾಯಗಳು ಒಂದನ್ನೊಂದು ಸುತ್ತುತ್ತಿರಬಹುದು ಎಂದವರಿದ್ದರು. 1931ರಲ್ಲಿ ಎರೋಸ್ ಭೂಮಿಯ ಹತ್ತಿರ ಹಾದುಹೋದಾಗ ಜೋಹಾನ್ಸ್‌ಬರ್ಗ್‌ನ ವೀಕ್ಷಣಾಲಯದಲ್ಲಿ ಫಾನ್ ಡೆನ್ ಬಾಸ್ ಮತ್ತು ಫಿನ್ಸೆನ್ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರು. ಕಂಡದ್ದು ಚುಕ್ಕಿಯಲ್ಲ, ಉದ್ದನೆಯ ಆಕಾರ.

ಒಪ್ಪಲು ಕಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮಾತಿನಲ್ಲೇ ನೋಡಿ: ಖಗೋಳ, ಭೂಗೋಳ, ಗ್ರಹಗೋಳ. ಆಕಾಶದ ಬಗ್ಗೆ ಬಾಯಿ ತೆರೆದರೆ ಮೊದಲು ಬರುವುದೇ ‘ಗೋಳ’. ಸೂರ್ಯ ದುಂಡಗೆ, ಹುಣ್ಣಿಮೆಯ ಚಂದ್ರ ದುಂಡಗೆ, ದೂರದರ್ಶಕದಲ್ಲಿ ಗುರುವೂ ದುಂಡಗೆ. ಬಾನಿನಲ್ಲಿರುವ ಕಾಯ ದುಂಡಗಿರುವುದೇ ಸಹಜ, ಸೊಟ್ಟಗಿದ್ದರೆ ಅದಕ್ಕೊಂದು ಕಾರಣ ಬೇಕು ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಎಡವಿದ್ದು ಅಲ್ಲೇ. ಕಲ್ಲಿಗೆ ಸೊಟ್ಟಗಿರುವುದೇ ಸಹಜ. ಕಾರಣ ಕೇಳಬೇಕಾದದ್ದು ದುಂಡಗಿರುವುದಕ್ಕೆ.

ಕಣ್ಣಾರೆ ನೋಡುವ ಅವಕಾಶ ಬಂದದ್ದು 1971ರ ನವೆಂಬರಿನಲ್ಲಿ. ಅಮೆರಿಕದ ಮ್ಯಾರಿನರ್ 9 ನೌಕೆ ಮಂಗಳವನ್ನು ತಲುಪಿದಾಗ ಇಡೀ ಗ್ರಹವನ್ನು ಧೂಳಿನ ಬಿರುಗಾಳಿ ಮುಚ್ಚಿತ್ತು. ನೆಲ ಕಾಣದ ಆ ದಿನಗಳಲ್ಲೇ ಕ್ಯಾಮೆರಾ ಮಂಗಳದ ಎರಡು ಪುಟ್ಟ ಚಂದ್ರರತ್ತ ತಿರುಗಿತು. ಫೋಬೋಸ್‌ನ ಚಿತ್ರ ಬಂತು: ಹೊಂಡ ಬಿದ್ದ, ಅಲ್ಲಲ್ಲಿ ಚಕ್ಕೆ ಎದ್ದ ಆಲೂಗಡ್ಡೆ. ಉದ್ದ 27 ಕಿಲೋಮೀಟರ್, ಕಿರಿದಾದ ಕಡೆ 18. ಅದರ ಒಂದು ಬದಿಯನ್ನೇ ಕಬಳಿಸಿದಂತಿರುವ 9 ಕಿಲೋಮೀಟರ್ ಅಗಲದ ಕುಳಿಗೆ ಸ್ಟಿಕ್ನಿ ಎಂದು ಹೆಸರಿಟ್ಟರು. 1877ರಲ್ಲಿ ಈ ಚಂದ್ರರನ್ನು ಹುಡುಕುತ್ತಾ ಸೋತು ಕೈಬಿಡಲಿದ್ದ ಆಸಫ್ ಹಾಲ್ ಅವರನ್ನು ಇನ್ನಷ್ಟು ಹುಡುಕಿ ಎಂದು ಹುರಿದುಂಬಿಸಿದ ಅವರ ಪತ್ನಿ ಆಂಜಲಿನ್ ಸ್ಟಿಕ್ನಿಯ ಹೆಸರು ಅದು. ಇದೇ ಕುಳಿಯನ್ನು ನಮ್ಮ ಮಂಗಳಯಾನದ ಕ್ಯಾಮೆರಾ 2020ರ ಜುಲೈ 1ರಂದು ಸೆರೆಹಿಡಿಯಿತು. ಇಸ್ರೋ ಬಿಡುಗಡೆ ಮಾಡಿದ ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಚಂದ್ರ ಎಂಬ ಮಾತಿಗೂ ಅದರಲ್ಲಿರುವ ಮುರುಕು ಕಲ್ಲಿಗೂ ಇರುವ ಅಂತರ ಪ್ರತಿ ಸಲವೂ ಹೊಸದಾಗಿ ತಟ್ಟುತ್ತದೆ.

ಹಾಗಾದರೆ ನಮ್ಮ ಚಂದ್ರ ದುಂಡಗೆ, ಫೋಬೋಸ್ ಹೀಗೆ, ಏಕೆ?

ಕಾಯದ ಪ್ರತಿಯೊಂದು ಚೂರೂ ಉಳಿದೆಲ್ಲ ಚೂರುಗಳನ್ನು ತನ್ನತ್ತ ಎಳೆಯುತ್ತದೆ. ಎಲ್ಲದರ ಒಟ್ಟು ಎಳೆತ ನಡುವಿನ ಕಡೆಗೆ. ಉಬ್ಬಿದ್ದು ಕುಸಿಯಬೇಕು, ತಗ್ಗು ತುಂಬಬೇಕು. ಹೀಗೇ ಸಾಗಿದರೆ ಕೊನೆಗೆ ಉಳಿಯುವ ಆಕಾರ ಗೋಳ. ಇದಕ್ಕೆ ಅಡ್ಡ ನಿಲ್ಲುವುದು ಕಲ್ಲಿನ ಗಟ್ಟಿತನ. ಕಾಯದ ಅಡ್ಡಳತೆ ಎರಡು ಪಟ್ಟಾದರೆ ಅದರ ಒಡಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ, ಕಲ್ಲಿನ ಗಟ್ಟಿತನ ಮಾತ್ರ ಎಷ್ಟಿತ್ತೋ ಅಷ್ಟೇ ಇರುತ್ತದೆ. ಒಳ್ಳೆಯ ಗ್ರಾನೈಟ್ ನಮ್ಮ ಗಾಳಿಯ ಒತ್ತಡದ ಸಾವಿರ, ಎರಡು ಸಾವಿರ ಪಟ್ಟನ್ನು ತಡೆದುಕೊಳ್ಳಬಲ್ಲದು. ಭೂಮಿಯ ನಡುಗರ್ಭದಲ್ಲಿರುವ ಒತ್ತಡ ಸುಮಾರು 36 ಲಕ್ಷ ಪಟ್ಟು. ಅಲ್ಲಿ ಯಾವ ಬಂಡೆಯೂ ಬಂಡೆಯಂತೆ ಸೆಟೆದು ನಿಲ್ಲಲಾರದು.

ಎರೋಸ್‌ನದು 34 ಕಿಲೋಮೀಟರ್ ಉದ್ದ, 11 ಕಿಲೋಮೀಟರ್ ದಪ್ಪ. ಇಷ್ಟು ದೊಡ್ಡ ಕಲ್ಲಿನ ನಟ್ಟನಡುವಿನ ಒತ್ತಡ ಎಷ್ಟೆಂದು ಲೆಕ್ಕ ಹಾಕಿದರೆ ಬರುವ ಉತ್ತರ ಬೆರಗು ಹುಟ್ಟಿಸುತ್ತದೆ: ನಾವು ಇಲ್ಲಿ ಉಸಿರಾಡುತ್ತಿರುವ ಗಾಳಿ ನಮ್ಮ ಮೈಮೇಲೆ ಹಾಕುವ ಒತ್ತಡಕ್ಕಿಂತಲೂ ಕಡಿಮೆ! ಐವತ್ತು ಕಿಲೋ ಅಕ್ಕಿಯ ಮೂಟೆ ಅಲ್ಲಿ ಒಂದು ಹಿಡಿ ಅಕ್ಕಿಯಷ್ಟು ತೂಗೀತು. ಅಂಥ ಕಡೆ ಉಬ್ಬನ್ನು ತಗ್ಗಿಸುವವರು ಯಾರು? ಹುಟ್ಟಿದಾಗ, ಒಡೆದಾಗ ಯಾವ ಆಕಾರ ಬಂತೋ ಅದೇ ಕೋಟಿಗಟ್ಟಲೆ ವರ್ಷ ಉಳಿದುಬಿಡುತ್ತದೆ.

ಎಲ್ಲಿಂದ ದುಂಡಗಾಗಲು ಶುರುವಾಗುತ್ತದೆ ಎಂಬುದನ್ನು 2010ರಲ್ಲಿ ಆಸ್ಟ್ರೇಲಿಯಾದ ಚಾರ್ಲ್ಸ್ ಲೈನ್‌ವೀವರ್ ಮತ್ತು ಮಾರ್ಕ್ ನಾರ್ಮನ್ ಲೆಕ್ಕ ಹಾಕಿ, ಅದಕ್ಕೆ ‘ಆಲೂಗಡ್ಡೆ ತ್ರಿಜ್ಯ’ ಎಂದೇ ಹೆಸರಿಟ್ಟರು. ಮಂಜುಗಡ್ಡೆಯ ಕಾಯಕ್ಕೆ ತ್ರಿಜ್ಯ ಸುಮಾರು 200 ಕಿಲೋಮೀಟರ್, ಕಲ್ಲಿನದಕ್ಕೆ ಸುಮಾರು 300. ಇದು ಬೇಲಿ ಹಾಕಿದಂಥ ಗಡಿಯಲ್ಲ. ಶನಿಯ ಮೈಮಾಸ್ ಸುಮಾರು 396 ಕಿಲೋಮೀಟರ್ ಅಡ್ಡಳತೆಯ ಚಂದ್ರ, ಚೆನ್ನಾಗಿಯೇ ದುಂಡಗಿದೆ. 1989ರಲ್ಲಿ ವಾಯೇಜರ್ 2 ಕಂಡ ನೆಪ್ಚೂನ್‌ನ ಪ್ರೋಟಿಯಸ್ ಅದಕ್ಕಿಂತ ದೊಡ್ಡದು, ಸುಮಾರು 420 ಕಿಲೋಮೀಟರ್, ಆದರೆ ಮೂಲೆಮೂಲೆಯಾಗಿ ಚಪ್ಪಟೆ ಮುಖಗಳ ಪೆಟ್ಟಿಗೆಯಂತಿದೆ. ಒಂದು ಕಾಲದಲ್ಲಿ ಒಳಗೆ ಬೆಚ್ಚಗಿದ್ದ ಮಂಜುಗಡ್ಡೆ ಮೆತ್ತಗಾಗಿ ಹರಿದು ದುಂಡಗಾಗಬಲ್ಲದು, ತಣ್ಣಗೇ ಕೂಡಿಕೊಂಡದ್ದಕ್ಕೆ ಆ ಅವಕಾಶ ಸಿಗದು.

ಕಾಯ ಹಿಂದೆ ಏನೇನು ಕಂಡಿದೆ ಎಂಬುದೂ ಮುಖ್ಯ ಎನ್ನಲು ವೆಸ್ಟಾ ಎಂಬ ಕ್ಷುದ್ರಗ್ರಹಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹುಟ್ಟಿದ ಹೊಸತರಲ್ಲಿ ಒಳಗೆ ಕರಗಿ, ಕಬ್ಬಿಣ ನಡುವಿಗಿಳಿದು, ಅದು ದುಂಡಗಾಗಿತ್ತು. ಬಹುಕಾಲದ ಮೇಲೆ, ಮೈ ಆರಿ ಗಟ್ಟಿಯಾದ ನಂತರ, ದಕ್ಷಿಣ ಧ್ರುವದ ಕಡೆ ಭಾರಿ ಹೊಡೆತ ಬಿದ್ದು 500 ಕಿಲೋಮೀಟರ್ ಅಗಲದ ಕುಳಿ ಉಳಿಯಿತು. ವೆಸ್ಟಾದ ಅಡ್ಡಳತೆಯೇ ಸುಮಾರು 525 ಕಿಲೋಮೀಟರ್! 2011ರಲ್ಲಿ ಅಲ್ಲಿಗೆ ಹೋದ ಡಾನ್ ನೌಕೆ ಆ ಗಾಯವನ್ನು ಹತ್ತಿರದಿಂದ ತೋರಿಸಿತು. ಅದು ಮತ್ತೆ ತುಂಬಿಕೊಂಡಿಲ್ಲ. ಅದೇ ನೌಕೆ 2015ರಲ್ಲಿ ತಲುಪಿದ ಸಿರಿಸ್ ಸುಮಾರು 940 ಕಿಲೋಮೀಟರ್ ಅಡ್ಡಳತೆಯದು. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ರಾಗ್‌ನಲ್ಲಿ ಸೇರಿ, ತನ್ನ ಭಾರಕ್ಕೆ ತಾನೇ ದುಂಡಗಾಗಿರಬೇಕು ಎಂಬುದನ್ನು ಕುಬ್ಜಗ್ರಹದ ಲಕ್ಷಣಗಳಲ್ಲೊಂದಾಗಿ ಮಾಡಿದಾಗ ಸಿರಿಸ್ ಆ ಪಟ್ಟಿಗೆ ಸೇರಿತು, ವೆಸ್ಟಾ ಹೊರಗುಳಿಯಿತು.

ಇಷ್ಟರವರೆಗೆ ಕ್ಷುದ್ರಗ್ರಹವೆಂದರೆ ಒಂದೇ ಗಟ್ಟಿ ಕಲ್ಲು ಎಂದು ಮಾತಾಡಿದೆವು. ಎಷ್ಟೋ ಸಲ ಹಾಗಿಲ್ಲ. 2005ರಲ್ಲಿ ಜಪಾನಿನ ಹಯಾಬುಸಾ ತಲುಪಿದ ಇಟೊಕಾವಾ ಅರ್ಧ ಕಿಲೋಮೀಟರಿಗೆ ತುಸು ಮಿಕ್ಕಿದ ಉದ್ದದ್ದು, ಎರಡು ಗುಪ್ಪೆ ಕೂಡಿಸಿದಂತಿದೆ. ಅದರ ಸಾಂದ್ರತೆ ನೋಡಿದರೆ ಒಡಲಿನ ದೊಡ್ಡ ಪಾಲು ಬರೀ ಖಾಲಿ ಜಾಗ. ಒಡೆದ ಚೂರುಗಳು ಮತ್ತೆ ಒಟ್ಟುಗೂಡಿದ ಜಲ್ಲಿ ರಾಶಿ ಅದು.

ಸಡಿಲವಾದ ಜಲ್ಲಿಯಾದರೆ ದುಂಡಗಾಗುವುದು ಇನ್ನೂ ಸುಲಭವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಣದಲ್ಲಿ ರಾಗಿ ರಾಶಿ ಹಾಕಿದ್ದನ್ನು ನೋಡಿದವರಿಗೆ ಉತ್ತರ ಗೊತ್ತು. ನೀರು ಸುರಿದರೆ ಹರಡಿ ಮಟ್ಟವಾಗುತ್ತದೆ. ರಾಗಿ ಸುರಿದರೆ ಇಳಿಜಾರು ಕಟ್ಟಿಕೊಂಡು ನಿಲ್ಲುತ್ತದೆ. ಇನ್ನೂ ಸುರಿದರೆ ಒಂದಷ್ಟು ಜಾರಿ, ಮತ್ತೆ ಅದೇ ಇಳಿಜಾರಿಗೆ ನಿಲ್ಲುತ್ತದೆ. ಕಾಳಿಗೆ ಕಾಳು ಉಜ್ಜಿ ಹಿಡಿಯುವ ಘರ್ಷಣೆ ಅದು. ನುಣ್ಣಗಿರುವ ರಾಗಿಯೇ ಹೀಗೆ ನಿಂತರೆ, ಮೊನೆ ಮೊನೆಯಾದ ಜಲ್ಲಿಯ ಮಾತೇನು? ರಾಶಿಗೆ ರಾಶಿಯಾಗಿ ನಿಲ್ಲಲು ಅಂಟೂ ಬೇಡ, ಗಟ್ಟಿತನವೂ ಬೇಡ.

ಆ ರಾಶಿಯ ಹಿಡಿತ ಎಷ್ಟು ತೆಳುವೆಂದು 2020ರ ಅಕ್ಟೋಬರ್ 20ರಂದು ತಿಳಿಯಿತು. ಒಸೈರಿಸ್ ರೆಕ್ಸ್ ನೌಕೆ ಸುಮಾರು 490 ಮೀಟರಿನ ಬೆನ್ನೂ ಎಂಬ ಕ್ಷುದ್ರಗ್ರಹವನ್ನು ಮೆಲ್ಲಗೆ ಮುಟ್ಟಿದಾಗ ಅದರ ತೋಳಿಗೆ ನೆಲವೇ ಸಿಗಲಿಲ್ಲ ಎನ್ನಬೇಕು. ಅರ್ಧ ಮೀಟರ್ ಒಳಗೆ ಇಳಿಯಿತು. ರಾಕೆಟ್ ಉರಿಸಿ ಮೇಲೇಳದಿದ್ದರೆ ಇನ್ನೂ ಇಳಿಯುತ್ತಿತ್ತು. ಹಿಂದೆ ಉಳಿದದ್ದು ಸುಮಾರು ಎಂಟು ಮೀಟರ್ ಅಗಲದ ಗುಂಡಿ.

ಬೆನ್ನೂ ಮತ್ತು ಜಪಾನಿನ ಎರಡನೆಯ ಹಯಾಬುಸಾ ಕಂಡ ರ‍್ಯುಗು, ಎರಡೂ ಬುಗುರಿಯ ಆಕಾರದವು, ನಡುವಿನಲ್ಲಿ ಏಣು. ರಾಶಿ ತಿರುಗುವ ವೇಗ ಹೆಚ್ಚಿದರೆ ಜಲ್ಲಿ ನಡುಗೆರೆಯ ಕಡೆ ಜಾರಿ ಕೂಡಿಕೊಳ್ಳುತ್ತದೆ. ವೇಗ ಹೆಚ್ಚಿಸಬಲ್ಲದ್ದು ಬಿಸಿಲೇ: ಸೊಟ್ಟ ಮೈಯಿಂದ ಶಾಖ ಒಂದೊಂದು ಕಡೆ ಒಂದೊಂದು ಥರ ಹೊರಟು, ಲಕ್ಷಾಂತರ ವರ್ಷಗಳಲ್ಲಿ ಕಾಯವನ್ನು ತಿರುವುತ್ತದೆ. 2007ರಲ್ಲಿ ಇದನ್ನು ಮೊದಲ ಬಾರಿ ನೇರವಾಗಿ ಅಳೆದರು.

ಆಕಾರ ಬದಲಿಸುವ ಕೆಲಸಕ್ಕೆ ಈಗ ಮನುಷ್ಯನೂ ಕೈಹಾಕಿದ್ದಾನೆ. 2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆ ಸೆಕೆಂಡಿಗೆ 6 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಕ್ಷುದ್ರಗ್ರಹವೊಂದನ್ನು ಸುತ್ತುವ ಡೈಮಾರ್ಫೋಸ್ ಎಂಬ ಪುಟ್ಟ ಚಂದ್ರಕ್ಕೆ ಡಿಕ್ಕಿ ಹೊಡೆಯಿತು. ತಾಯಿಕಲ್ಲಿನ ಸುತ್ತ ಅದರ ಓಟದ ಅವಧಿ ಅರ್ಧ ಗಂಟೆಗೂ ಮಿಕ್ಕಿ ಕಡಿಮೆಯಾಯಿತು. ಡಿಕ್ಕಿಗೆ ಮೊದಲು ಮೇಲಿಂದ ಅದುಮಿದ ಉಂಡೆಯಂತಿದ್ದದ್ದು ಈಗ ಕಲ್ಲಂಗಡಿಯಂತೆ ಉದ್ದುದ್ದವಾಗಿದೆ ಎಂದು ಬೆಳಕಿನ ಏರಿಳಿತದ, ರೇಡಾರಿನ ಅಳತೆಗಳು ಹೇಳುತ್ತಿವೆ. ಓಪೋಲ್ಟ್ಸರ್ ಎರೋಸ್‌ನಲ್ಲಿ ಕಂಡ ಅದೇ ಮಂಕು, ಹೊಳಪು. ಹತ್ತಿರದಿಂದ ನೋಡಿಬರಲೆಂದು ಯುರೋಪಿನ ಹೇರಾ ನೌಕೆ 2024ರ ಅಕ್ಟೋಬರ್ 7ರಂದು ಹೊರಟಿದೆ.